ಸಂಖ್ಯೆಗಳ ಲೋಕದಲ್ಲಿ ಇಬ್ನುಲ್ ಹೈಸಮ್

ಈ ಲೇಖನ ಓದುವ ಮೊದಲು ಒಂದು ಕಾಗದ ಮತ್ತು ಪೆನ್ನನ್ನು ಹತ್ತಿರ ಇಟ್ಟುಕೊಳ್ಳಿ. 301 ಎಂದು ಬರೆಯಿರಿ. ಅದನ್ನು 2ರಿಂದ ಭಾಗಿಸಿ, 1 ಉಳಿಯುತ್ತದೆ. 3ರಿಂದ ಭಾಗಿಸಿ, ಆಗಲೂ 1 ಉಳಿಯುತ್ತದೆ. 4, 5, 6 ಇವುಗಳಲ್ಲಿ ಯಾವುದರಿಂದ ಭಾಗಿಸಿದರೂ ಶೇಷ ಅದೇ 1. ಈಗ 7ರಿಂದ ಭಾಗಿಸಿ ನೋಡಿ. ಏನೂ ಉಳಿಯುವುದಿಲ್ಲ. ಏಳು ನಲವತ್ತಮೂರಲೆ ಮುನ್ನೂರ ಒಂದು.

ಇದು ಆಕಸ್ಮಿಕವೇ? ಇಂಥ ಸಂಖ್ಯೆ ಇದೊಂದೇ ಇದೆಯೇ, ಇನ್ನೂ ಇವೆಯೇ? ಇದ್ದರೆ ಅವುಗಳನ್ನು ಹುಡುಕುವ ದಾರಿ ಯಾವುದು? ಸುಮಾರು ಒಂದು ಸಾವಿರ ವರ್ಷಗಳ ಹಿಂದೆ ಒಬ್ಬ ವಿದ್ವಾಂಸರು ಈ ಪ್ರಶ್ನೆಗಳನ್ನು ಎತ್ತಿಕೊಂಡು ಅರಬಿ ಭಾಷೆಯಲ್ಲಿ ಒಂದು ಪುಟ್ಟ ಪ್ರಬಂಧ ಬರೆದರು. ಅವರೇ ಅಬೂ ಅಲಿ ಅಲ್-ಹಸನ್ ಇಬ್ನುಲ್ ಹೈಸಮ್. ನಿಮ್ಮಲ್ಲಿ ಹಲವರು ಈ ಹೆಸರನ್ನು ಬೆಳಕಿನ ಪಾಠದಲ್ಲಿ ಕೇಳಿರಬಹುದು. ವಸ್ತುವಿನಿಂದ ಹೊರಟ ಬೆಳಕು ಕಣ್ಣಿಗೆ ಬಂದು ತಲುಪಿದಾಗಲೇ ನಮಗೆ ಅದು ಕಾಣುತ್ತದೆ ಎಂಬುದನ್ನು ಪ್ರಯೋಗಗಳ ಮೂಲಕ ಸ್ಥಾಪಿಸಿದವರು ಅವರು. ಅವರ 'ಕಿತಾಬುಲ್ ಮನಾಝಿರ್' ಏಳು ಭಾಗಗಳ ಗ್ರಂಥ. ಅದು ಲ್ಯಾಟಿನ್‌ಗೆ ಅನುವಾದಗೊಂಡು 1572ರಲ್ಲಿ ಬಾಸೆಲ್ ನಗರದಲ್ಲಿ ಅಚ್ಚಾಯಿತು. ಯುರೋಪಿನವರು ಅವರನ್ನು ಅಲ್ಹಾಜೆನ್ ಎಂದು ಕರೆದರು. ಚಂದ್ರನ ಮೇಲಿನ ಒಂದು ಕುಳಿಗೆ ಆ ಹೆಸರಿದೆ. 2003ರಲ್ಲಿ ಇರಾಕ್ ಹೊರತಂದ ಹತ್ತು ಸಾವಿರ ದಿನಾರ್ ನೋಟಿನ ಮೇಲೆ ಅವರ ಚಿತ್ರವಿದೆ. ಇಷ್ಟೆಲ್ಲ ಕೀರ್ತಿ ಬಂದದ್ದು ಬೆಳಕಿನಿಂದ. ಸಂಖ್ಯೆಗಳ ವಿಷಯದಲ್ಲಿ ಅವರು ಮಾಡಿದ ಕೆಲಸ ಮಾತ್ರ ಬಹುಕಾಲ ಮರೆಯಲ್ಲೇ ಉಳಿಯಿತು. ಇಲ್ಲಿ ಹೇಳಹೊರಟಿರುವುದು ಅದನ್ನೇ.

ಇಬ್ನುಲ್ ಹೈಸಮ್ ಹುಟ್ಟಿದ್ದು ಹಿಜರಿ 354ರಲ್ಲಿ, ಅಂದರೆ ಕ್ರಿ.ಶ. 965ರಲ್ಲಿ, ಇಂದಿನ ಇರಾಕಿನ ಬಸ್ರಾ ನಗರದಲ್ಲಿ. ಬಸ್ರಾ ಬಂದರಿನ ಊರು, ವ್ಯಾಪಾರದ ಊರು, ವ್ಯಾಕರಣ ಪಂಡಿತರ ಊರು. ಅಲ್ಲಿಗೆ ಸರಕಿನ ಜೊತೆ ಲೆಕ್ಕದ ವಿಧಾನಗಳೂ ಬರುತ್ತಿದ್ದವು. ಅಂದಿನ ಅರಬರು ಹಲವು ಬಗೆಯಲ್ಲಿ ಲೆಕ್ಕ ಮಾಡುತ್ತಿದ್ದರು. ಬೆರಳುಗಳನ್ನು ಮಡಚಿ ಮನಸ್ಸಿನಲ್ಲೇ ಲೆಕ್ಕ ಹಿಡಿಯುವುದು ಒಂದು ಬಗೆ. ಅಕ್ಷರಗಳಿಗೆ ಬೆಲೆ ಕೊಟ್ಟು ಬರೆಯುವ ಅಬ್ಜದ್ ಪದ್ಧತಿ ಇನ್ನೊಂದು. ಮೂರನೆಯದು ಭಾರತದಿಂದ ಹೋದ ಅಂಕಿಗಳ ಲೆಕ್ಕ. ಅಲ್-ಖ್ವಾರಿಝ್ಮಿ 9ನೇ ಶತಮಾನದಲ್ಲೇ ಈ ಭಾರತೀಯ ಲೆಕ್ಕದ ಬಗ್ಗೆ ಪುಸ್ತಕ ಬರೆದಿದ್ದರು. ಇಬ್ನುಲ್ ಹೈಸಮ್ ಅವರದೆಂದು ಹಳೆಯ ಪಟ್ಟಿಯೊಂದು ಹೇಳುವ ತೊಂಬತ್ತಕ್ಕೂ ಹೆಚ್ಚು ಕೃತಿಗಳಲ್ಲಿ ಭಾರತೀಯ ಲೆಕ್ಕದ ಕಾರಣಗಳನ್ನು ಕುರಿತದ್ದೂ ಒಂದಿದೆ. ಕಾರಣಗಳು ಎಂಬ ಆ ಪದವನ್ನು ಗಮನಿಸಿ. ಲೆಕ್ಕ ಹೇಗೆ ಮಾಡಬೇಕು ಎಂಬುದಷ್ಟೇ ಅಲ್ಲ, ಹಾಗೆ ಮಾಡಿದರೆ ಉತ್ತರ ಸರಿ ಬರುವುದೇಕೆ ಎಂಬುದೂ ಅವರಿಗೆ ಬೇಕಾಗಿತ್ತು.

ವಿದ್ಯಾರ್ಥಿ ಮಿತ್ರರೇ, ನೀವು ಶಾಲೆಯಲ್ಲಿ ಕಲಿತ ಭಾಜ್ಯತೆಯ ನಿಯಮಗಳನ್ನು ಒಮ್ಮೆ ನೆನಪಿಸಿಕೊಳ್ಳಿ. ಕೊನೆಯ ಅಂಕಿ ಸಮವಾಗಿದ್ದರೆ 2ರಿಂದ ಭಾಗವಾಗುತ್ತದೆ. ಕೊನೆಯ ಅಂಕಿ 0 ಅಥವಾ 5 ಆದರೆ 5ರಿಂದ. ಅಂಕಿಗಳ ಮೊತ್ತ 3ರಿಂದ ಭಾಗವಾದರೆ ಸಂಖ್ಯೆಯೂ 3ರಿಂದ. ಮೊತ್ತ 9ರಿಂದ ಭಾಗವಾದರೆ ಸಂಖ್ಯೆಯೂ 9ರಿಂದ. ಬಾಯಿಪಾಠ ಮಾಡಿದ್ದೇವೆ, ಪರೀಕ್ಷೆಯಲ್ಲಿ ಬರೆದಿದ್ದೇವೆ, ಅಂಕವೂ ಸಿಕ್ಕಿದೆ. ಆದರೆ ಏಕೆ ಎಂದು ನಮ್ಮಲ್ಲಿ ಎಷ್ಟು ಮಂದಿ ಕೇಳಿದ್ದೇವೆ? ಕಾರಣ ಬಹಳ ಸರಳ, ಅದಿರುವುದು ಸ್ಥಾನಬೆಲೆಯಲ್ಲಿ. ಹತ್ತು ಎಂದರೆ 9 ಮತ್ತು 1. ನೂರು ಎಂದರೆ 99 ಮತ್ತು 1. ಸಾವಿರ ಎಂದರೆ 999 ಮತ್ತು 1. ಹಾಗಾಗಿ 472 ಎಂಬಲ್ಲಿ ನಾಲ್ಕು ನೂರುಗಳಿಂದ ನಾಲ್ಕು ತೊಂಬತ್ತೊಂಬತ್ತುಗಳನ್ನು ತೆಗೆದರೆ 4 ಉಳಿಯುತ್ತದೆ. ಏಳು ಹತ್ತುಗಳಿಂದ ಏಳು ಒಂಬತ್ತುಗಳನ್ನು ತೆಗೆದರೆ 7 ಉಳಿಯುತ್ತದೆ. ಬಿಡಿಯ 2 ಹಾಗೆಯೇ ಇದೆ. ತೆಗೆದದ್ದೆಲ್ಲ 9ರ ಅಪವರ್ತ್ಯ, ಉಳಿದದ್ದು ಅಂಕಿಗಳ ಮೊತ್ತ. ಆ ಮೊತ್ತವನ್ನು 9ರಿಂದ ಭಾಗಿಸಿದಾಗ ಏನು ಉಳಿಯುತ್ತದೋ ಮೂಲ ಸಂಖ್ಯೆಯಲ್ಲೂ ಅಷ್ಟೇ ಉಳಿಯುತ್ತದೆ. 9ರ ಅಪವರ್ತ್ಯಗಳೆಲ್ಲ 3ರ ಅಪವರ್ತ್ಯಗಳೂ ಆಗಿರುವುದರಿಂದ 3ರ ನಿಯಮವೂ ಇದರಿಂದಲೇ ಸಿಗುತ್ತದೆ.

ಅಂದಿನ ಲೆಕ್ಕಿಗರು ಇದನ್ನೇ ಬಳಸಿ ಗುಣಾಕಾರವನ್ನು ಪರಿಶೀಲಿಸುತ್ತಿದ್ದರು. 472ನ್ನು 38ರಿಂದ ಗುಣಿಸಿದರೆ 17936. ಮೊದಲ ಸಂಖ್ಯೆಯ ಮೊತ್ತ 13, ಅದರ ಅಂಕಿಗಳನ್ನು ಮತ್ತೆ ಕೂಡಿದರೆ 4. ಎರಡನೆಯದರ ಮೊತ್ತ 11, ಮತ್ತೆ ಕೂಡಿದರೆ 2. ನಾಲ್ಕೆರಡಲೆ ಎಂಟು. ಉತ್ತರದ ಅಂಕಿಗಳ ಮೊತ್ತ 26, ಕೂಡಿದರೆ ಅದೂ 8. ತಾಳೆಯಾಯಿತು. ಆದರೆ ಕೈತಪ್ಪಿ 17396 ಎಂದು ಅಂಕಿ ಹಿಂದುಮುಂದಾದರೂ ಮೊತ್ತ ಅಷ್ಟೇ ಬರುತ್ತದೆ. ಆದ್ದರಿಂದ ತಾಳೆಯಾಗದಿದ್ದರೆ ಲೆಕ್ಕ ಖಂಡಿತ ತಪ್ಪು. ತಾಳೆಯಾದರೆ ಸರಿ ಇರಬಹುದು ಎನ್ನಬಹುದೇ ಹೊರತು ಸರಿಯೇ ಎನ್ನಲಾಗದು. ಈ ಎರಡು ಮಾತುಗಳ ನಡುವಿನ ವ್ಯತ್ಯಾಸ ಮುಂದೆ ನಮಗೆ ಬೇಕಾಗುತ್ತದೆ.

ಇಷ್ಟಾದರೂ 7ಕ್ಕೆ ಇಂಥ ಸುಲಭದ ದಾರಿ ಇಲ್ಲ. ಹತ್ತನ್ನು 7ರಿಂದ ಭಾಗಿಸಿದರೆ 3, ನೂರರಲ್ಲಿ 2, ಸಾವಿರದಲ್ಲಿ 6, ಹೀಗೆ ಶೇಷ ಬದಲಾಗುತ್ತಾ ಹೋಗುತ್ತದೆ. ಒಂದರಿಂದ ಹತ್ತರವರೆಗಿನ ಸಂಖ್ಯೆಗಳಲ್ಲಿ ಮಕ್ಕಳನ್ನು ಹೆಚ್ಚು ಕಾಡುವುದು 7ರ ಮಗ್ಗಿಯೇ ಎಂದು ಯಾವ ಶಿಕ್ಷಕರನ್ನು ಕೇಳಿದರೂ ಹೇಳಿಯಾರು.

ಈಗ ಇಬ್ನುಲ್ ಹೈಸಮ್ ಅವರ ಬದುಕಿಗೆ ಬರೋಣ. ಬಸ್ರಾದಲ್ಲಿ ಅವರು ಸರಕಾರಿ ಹುದ್ದೆಯಲ್ಲಿದ್ದರೆಂದು ಹಳೆಯ ಚರಿತ್ರಕಾರರೊಬ್ಬರು ಬರೆಯುತ್ತಾರೆ. ಅಧ್ಯಯನಕ್ಕೆ ಬಿಡುವು ಸಿಗದ ಆ ಕೆಲಸ ಅವರ ಮನಸ್ಸಿಗೆ ಹಿಡಿಸಲಿಲ್ಲ. ಆ ಕಾಲದಲ್ಲಿ ಈಜಿಪ್ಟನ್ನು ಆಳುತ್ತಿದ್ದವರು ಫಾತಿಮಿ ಖಲೀಫ ಅಲ್-ಹಾಕಿಮ್. 996ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ ಸಿಂಹಾಸನವೇರಿದ ಈ ದೊರೆಯ ಸ್ವಭಾವ ವಿಚಿತ್ರವಾದದ್ದು. ಒಂದು ಕಡೆ 1005ರಲ್ಲಿ ಕೈರೋದಲ್ಲಿ ಜ್ಞಾನಮಂದಿರ ತೆರೆದು ಪುಸ್ತಕಗಳನ್ನು ತುಂಬಿಸಿದರು, ಖಗೋಳಜ್ಞ ಇಬ್ನ್ ಯೂನುಸ್ ಅವರಿಗೆ ಆಶ್ರಯ ಕೊಟ್ಟರು. ಇನ್ನೊಂದು ಕಡೆ ಜನ ಇಷ್ಟಪಟ್ಟು ತಿನ್ನುತ್ತಿದ್ದ ಸೊಪ್ಪೊಂದನ್ನೇ ನಿಷೇಧಿಸಿದರು. ದೊಡ್ಡ ದೊಡ್ಡ ಅಧಿಕಾರಿಗಳು ಇದ್ದಕ್ಕಿದ್ದಂತೆ ಅವರ ಆಜ್ಞೆಗೆ ತಲೆ ಕೊಡಬೇಕಾಯಿತು.

ನಾನು ಈಜಿಪ್ಟಿನಲ್ಲಿದ್ದಿದ್ದರೆ ನೈಲ್ ನದಿಯ ನೆರೆಯಲ್ಲೂ ಬರದಲ್ಲೂ ಜನರಿಗೆ ಪ್ರಯೋಜನವಾಗುವಂಥ ಏರ್ಪಾಡು ಮಾಡುತ್ತಿದ್ದೆ ಎಂದು ಇಬ್ನುಲ್ ಹೈಸಮ್ ಹೇಳಿದ್ದರಂತೆ. ಸುದ್ದಿ ಕೈರೋ ತಲುಪಿತು. ಖಲೀಫರು ಹಣ ಕೊಟ್ಟು ಕರೆಸಿಕೊಂಡರು. ಕೈರೋದ ಹೊರಗಿನ ಹಳ್ಳಿಯೊಂದಕ್ಕೆ ತಾವೇ ಬಂದು ಎದುರುಗೊಂಡರು. ಕೆಲಸಗಾರರ ತಂಡದೊಂದಿಗೆ ಇಬ್ನುಲ್ ಹೈಸಮ್ ನದಿಯ ಮೇಲುಗಡೆಗೆ ಹೊರಟರು. ದಾರಿಯುದ್ದಕ್ಕೂ ಅವರು ಕಂಡದ್ದು ಪ್ರಾಚೀನ ಈಜಿಪ್ಟಿನವರು ಕಟ್ಟಿದ ಮಹಾ ಕಟ್ಟಡಗಳು, ಅವುಗಳ ಕರಾರುವಾಕ್ಕಾದ ಅಳತೆ. ಇಷ್ಟು ಬಲ್ಲವರು ನದಿಯನ್ನು ಕಟ್ಟದೆ ಬಿಟ್ಟಿದ್ದಾರೆ ಎಂದರೆ ಅದು ಆಗದ ಕೆಲಸವೇ ಇರಬೇಕು ಎಂಬ ಅನುಮಾನ ಅಲ್ಲೇ ಮೊಳೆಯಿತು. ಅಸ್ವಾನಿನ ದಕ್ಷಿಣಕ್ಕೆ, ನೀರು ಬಂಡೆಗಳ ಮೇಲೆ ಧುಮುಕುವ ಜನಾದಿಲ್ ಎಂಬ ಜಾಗವನ್ನು ಕಣ್ಣಾರೆ ನೋಡಿ ಪರೀಕ್ಷಿಸಿದ ಮೇಲೆ ಅನುಮಾನ ಖಚಿತವಾಯಿತು. ಅದೇ ಅಸ್ವಾನಿನ ಬಳಿ ನೈಲ್ ನದಿಗೆ ಹೈ ಡ್ಯಾಮ್ ಕಟ್ಟಿ ಮುಗಿದದ್ದು 1970ರಲ್ಲಿ ಎಂಬುದನ್ನು ನೆನೆದರೆ ಅವರ ಲೆಕ್ಕಾಚಾರದಲ್ಲಿ ತಪ್ಪಿರಲಿಲ್ಲ ಎನ್ನಬೇಕು. ಅವರು ಹಿಂದಿರುಗಿ ಬಂದು, ಆಗುವುದಿಲ್ಲ ಎಂದು ದೊರೆಯ ಮುಂದೆ ಒಪ್ಪಿಕೊಂಡರು.

ಖಲೀಫರು ಮೇಲ್ನೋಟಕ್ಕೆ ಸಿಟ್ಟಾಗಲಿಲ್ಲ. ಒಂದು ಸರಕಾರಿ ಹುದ್ದೆ ಕೊಟ್ಟರು. ಇಬ್ನುಲ್ ಹೈಸಮ್ ಅದನ್ನು ಒಪ್ಪಿಕೊಂಡದ್ದು ಭಯದಿಂದ, ಬಯಕೆಯಿಂದಲ್ಲ. ಯಾವ ದಿನ ಯಾವ ಮಾತಿಗೆ ತಲೆ ಹೋಗುತ್ತದೋ ತಿಳಿಯದು. ಕೊನೆಗೆ ಅವರು ಹುಚ್ಚು ಹಿಡಿದವರಂತೆ ನಟಿಸಿದರು. ದೊರೆ ಅವರ ಆಸ್ತಿಯನ್ನು ವಶಪಡಿಸಿಕೊಂಡು, ನೋಡಿಕೊಳ್ಳಲು ಆಳುಗಳನ್ನಿಟ್ಟು, ಅವರ ಮನೆಯಲ್ಲೇ ಬಂಧನದಲ್ಲಿಟ್ಟರು. 1021ರಲ್ಲಿ ಅಲ್-ಹಾಕಿಮ್ ಒಂದು ರಾತ್ರಿ ಹೊರಗೆ ಹೋದವರು ಮರಳಿ ಬರಲಿಲ್ಲ. ದೊರೆ ಇನ್ನಿಲ್ಲ ಎಂಬುದು ಖಚಿತವಾದ ಬಳಿಕವೇ ಇಬ್ನುಲ್ ಹೈಸಮ್ ತಮ್ಮ ಹುಚ್ಚನ್ನು ಬಿಟ್ಟರು.

ಈ ಕಥೆಯನ್ನು ನಮಗೆ ಹೇಳುವವರು ಅಲ್-ಕಿಫ್ತಿ. ಅವರು 1172ರಲ್ಲಿ ನೈಲ್ ತೀರದ ಕಿಫ್ತ್ ಎಂಬಲ್ಲೇ ಹುಟ್ಟಿದವರು. ಘಟನೆ ನಡೆದು ಸುಮಾರು ಇನ್ನೂರು ವರ್ಷಗಳ ಮೇಲೆ ಬರೆದವರು. ಅವರಿಗಿಂತ ಹಿಂದಿನ ಅಲ್-ಬೈಹಕಿ ಎಂಬವರ ಬರಹದಲ್ಲಿ ಹುಚ್ಚಿನ ಮಾತೇ ಇಲ್ಲ. ಅಲ್ಲಿ ಇಬ್ನುಲ್ ಹೈಸಮ್ ದೊರೆಯ ಅಸಮಾಧಾನಕ್ಕೆ ಹೆದರಿ ಸಿರಿಯಾಕ್ಕೆ ಹೋಗಿಬಿಡುತ್ತಾರೆ. ಅಲ್-ಕಿಫ್ತಿ ಹೇಳುವ ಕಥೆಯಲ್ಲಿ ಗಮನಿಸಬೇಕಾದ ಅಂಶ ಒಂದಿದೆ: ಆಗದ ಕೆಲಸವನ್ನು ಆಗುತ್ತದೆ ಎಂದು ಎಳೆದಾಡದೆ, ತೊಂದರೆ ಖಚಿತವೆಂದು ಗೊತ್ತಿದ್ದೂ ಅವರು ಹಿಂದೆ ಸರಿದರು. ಅವರ ಗಣಿತವನ್ನು ಓದುವಾಗಲೂ ಇದೇ ಮನುಷ್ಯನೇ ಕಾಣುತ್ತಾನೆಂದು ನನಗೆ ಅನಿಸುತ್ತದೆ.

ಸರಿ, ನಿಮ್ಮ ಕಾಗದದ ಮೇಲಿನ 301ಕ್ಕೆ ಹಿಂದಿರುಗೋಣ. 2, 3, 4, 5, 6 ಇವುಗಳಿಂದ ಭಾಗಿಸಿದರೆ 1 ಉಳಿಯಬೇಕು, 7ರಿಂದ ಭಾಗಿಸಿದರೆ ಏನೂ ಉಳಿಯಬಾರದು. ಇಂಥ ಸಂಖ್ಯೆ ಯಾವುದು? ಇಬ್ನುಲ್ ಹೈಸಮ್ ಮೊದಲು ಹೇಳುವುದೇನೆಂದರೆ, ಈ ಪ್ರಶ್ನೆಗೆ ಉತ್ತರ ಒಂದಲ್ಲ, ಹಲವು. ಬಳಿಕ ಎರಡು ದಾರಿಗಳನ್ನು ತೋರಿಸುತ್ತಾರೆ.

ಎರಡನೆಯ ದಾರಿಯನ್ನೇ ಮೊದಲು ನೋಡೋಣ, ಏಕೆಂದರೆ ಅದು ನಿಮಗೆ ಪರಿಚಿತ. 2ರಿಂದ 6ರವರೆಗಿನ ಎಲ್ಲ ಸಂಖ್ಯೆಗಳಿಂದಲೂ ಭಾಗವಾಗುವ ಅತಿ ಚಿಕ್ಕ ಸಂಖ್ಯೆ 60. ಅದನ್ನೇ ನಾವು ಲ.ಸಾ.ಅ. ಎನ್ನುತ್ತೇವೆ. (ಶಾಲೆಯಲ್ಲಿ ಗೆರೆ ಎಳೆದು ಭಾಗಿಸಿ ಲ.ಸಾ.ಅ. ಕಂಡುಹಿಡಿಯುವುದನ್ನು ಕಲಿಸುತ್ತೇವೆ, ಅದು ಯಾತಕ್ಕೆ ಬೇಕು ಎಂದು ಹೇಳುವುದನ್ನು ಮಾತ್ರ ಮರೆಯುತ್ತೇವೆ.) 60ರ ಯಾವ ಅಪವರ್ತ್ಯಕ್ಕೆ 1 ಕೂಡಿಸಿದರೂ ಮೊದಲ ಐದು ಷರತ್ತುಗಳು ಪೂರೈಸುತ್ತವೆ: 61, 121, 181, 241, 301 ಹೀಗೆ. ಇವುಗಳಲ್ಲಿ 7ಕ್ಕೆ ಒಗ್ಗುವುದು ಯಾವುದು? 60ನ್ನು 7ರಿಂದ ಭಾಗಿಸಿದರೆ 4 ಉಳಿಯುತ್ತದೆ. ಹಾಗಾಗಿ ಎಷ್ಟು ಅರವತ್ತುಗಳನ್ನು ತೆಗೆದುಕೊಳ್ಳುತ್ತೇವೋ ಅಷ್ಟು ನಾಲ್ಕುಗಳು, ಮೇಲೆ ಒಂದು. ಇದು 7ರ ಅಪವರ್ತ್ಯವಾಗಬೇಕು. ಐದು ನಾಲ್ಕುಗಳು 20, ಮೇಲೆ ಒಂದು 21. ಸಿಕ್ಕಿತು. ಐದು ಅರವತ್ತು 300, ಮೇಲೆ ಒಂದು 301. ಇದಕ್ಕಿಂತ ಚಿಕ್ಕದು ಇಲ್ಲ. ಮುಂದಿನದು ಬೇಕೇ? ಇನ್ನೂ ಏಳು ಅರವತ್ತುಗಳನ್ನು, ಅಂದರೆ 420ನ್ನು ಕೂಡಿಸಿ. 721 ಬಂತು. ಆಮೇಲೆ 1141, 1561. ಸರಣಿಗೆ ಕೊನೆಯೇ ಇಲ್ಲ.

7ರಿಂದ ಭಾಗವಾಗುತ್ತದೆಯೇ ಎಂದು ಪರೀಕ್ಷಿಸಲು ಇಂದು ಬಳಕೆಯಲ್ಲಿರುವ ಒಂದು ಉಪಾಯವನ್ನು ಇಲ್ಲಿ ಹಚ್ಚಿ ನೋಡಬಹುದು. ಕೊನೆಯ ಅಂಕಿಯನ್ನು ಇಮ್ಮಡಿ ಮಾಡಿ, ಉಳಿದ ಭಾಗದಿಂದ ಕಳೆಯಿರಿ. 1141ರಲ್ಲಿ ಕೊನೆಯ ಅಂಕಿ 1, ಇಮ್ಮಡಿ 2. 114ರಿಂದ 2 ಕಳೆದರೆ 112. ಮತ್ತೊಮ್ಮೆ ಮಾಡಿದರೆ 11ರಿಂದ 4 ಕಳೆದು 7. ಭಾಗವಾಗುತ್ತದೆ. ಇದೂ ಮಾಯೆಯಲ್ಲ. ನಾವು ಒಂದನ್ನು ಬಿಡಿಯ ಸ್ಥಾನದಿಂದಲೂ ಎರಡನ್ನು ಹತ್ತರ ಸ್ಥಾನದಿಂದಲೂ ತೆಗೆಯುತ್ತಿದ್ದೇವೆ. ಅಂದರೆ ಪ್ರತಿ ಸಲ 21ರ ಅಪವರ್ತ್ಯವನ್ನು ತೆಗೆದುಹಾಕುತ್ತಿದ್ದೇವೆ, 21 ಏಳರ ಮಗ್ಗಿಯಲ್ಲೇ ಇದೆ. ಕೊನೆಯಲ್ಲಿ ಉಳಿಯುವ ಸೊನ್ನೆಯನ್ನು ಬಿಟ್ಟರೆ 7ರ ಲೆಕ್ಕ ಕೆಡುವುದಿಲ್ಲ.

ಇಬ್ನುಲ್ ಹೈಸಮ್ ಮೊದಲು ತೋರಿಸಿದ ದಾರಿ ಇದಕ್ಕಿಂತ ಚಿಕ್ಕದು, ಆದರೆ ಬೆರಗು ಹುಟ್ಟಿಸುವಂಥದ್ದು. 2, 3, 4, 5, 6 ಇವನ್ನೆಲ್ಲ ಒಂದಕ್ಕೊಂದು ಗುಣಿಸಿ: 720. ಒಂದು ಕೂಡಿಸಿ: 721. ಮುಗಿಯಿತು. 720 ಆ ಐದೂ ಸಂಖ್ಯೆಗಳ ಅಪವರ್ತ್ಯವಾದ್ದರಿಂದ 721ರಲ್ಲಿ 1 ಉಳಿಯುವುದು ಸಹಜ. ಆದರೆ ಅದು 7ರಿಂದ ಭಾಗವಾಗಬೇಕೆಂದು ಯಾರು ಹೇಳಿದರು? ಗುಣಿಸುವಾಗ ನಾವು 7ನ್ನು ಮುಟ್ಟಲೇ ಇಲ್ಲವಲ್ಲ! ಏಳು ನೂರ ಮೂರಲೆ ಏಳುನೂರ ಇಪ್ಪತ್ತೊಂದು. ಹೀಗಾಗುವುದು 7 ಅವಿಭಾಜ್ಯ ಸಂಖ್ಯೆ ಎಂಬ ಕಾರಣಕ್ಕೆ. ಬೇರೆ ಯಾವ ಅವಿಭಾಜ್ಯ ಸಂಖ್ಯೆಯನ್ನು ತೆಗೆದುಕೊಂಡರೂ ಹೀಗೆಯೇ ಎಂಬುದನ್ನು ಅವರು ಗುರುತಿಸಿದ್ದರು.

ನೀವೇ ಪರೀಕ್ಷಿಸಿ. 5ಕ್ಕೆ: 2, 3, 4 ಗುಣಿಸಿದರೆ 24, ಒಂದು ಕೂಡಿಸಿದರೆ 25. ಸರಿ. 11ಕ್ಕೆ: ಹತ್ತರವರೆಗೆ ಗುಣಿಸಿದರೆ 3628800, ಒಂದು ಕೂಡಿಸಿ 11ರಿಂದ ಭಾಗಿಸಿದರೆ 329891, ಶೇಷವಿಲ್ಲ. ಈಗ ಅವಿಭಾಜ್ಯವಲ್ಲದ 6ನ್ನು ನೋಡಿ. 5ರವರೆಗಿನ ಗುಣಲಬ್ಧ 120, ಒಂದು ಕೂಡಿಸಿದರೆ 121, 6ರಿಂದ ಭಾಗವಾಗದು. ಇದರ ಕಾರಣ ಸುಲಭ. 6ರ ಅಪವರ್ತನಗಳಾದ 2 ಮತ್ತು 3 ಆಗಲೇ ಗುಣಲಬ್ಧದೊಳಗೆ ಸೇರಿವೆ. ಒಂದು ಕೂಡಿಸಿದ ತಕ್ಷಣ ಅವುಗಳಿಂದಲೇ ಭಾಗವಾಗುವುದಿಲ್ಲ, ಇನ್ನು 6ರಿಂದ ಎಲ್ಲಿ ಬಂತು?

7ಕ್ಕೆ ಏಕೆ ಆಗುತ್ತದೆ ಎಂಬುದನ್ನು ಮುಂದಿನ ಕಾಲದ ಗಣಿತಜ್ಞರು ಬಹಳ ಅಂದವಾಗಿ ತೋರಿಸಿದರು. 2ನ್ನೂ 4ನ್ನೂ ಜೋಡಿಸಿ. ಗುಣಿಸಿದರೆ 8, ಅದನ್ನು 7ರಿಂದ ಭಾಗಿಸಿದರೆ ಶೇಷ 1. 3ನ್ನೂ 5ನ್ನೂ ಜೋಡಿಸಿ. 15, ಅದರಲ್ಲೂ ಶೇಷ 1. ಜೋಡಿ ಸಿಗದೆ ಉಳಿದದ್ದು 6 ಮಾತ್ರ. ಆದ್ದರಿಂದ ಇಡೀ ಗುಣಲಬ್ಧದ ಶೇಷ 6. ಅದಕ್ಕೆ 1 ಸೇರಿಸಿದರೆ ಪೂರಾ 7. ಯಾವ ಅವಿಭಾಜ್ಯ ಸಂಖ್ಯೆಯಲ್ಲೂ ಹೀಗೆ ಎಲ್ಲರಿಗೂ ಜೊತೆ ಸಿಗುತ್ತದೆ, ಕೊನೆಯವನೊಬ್ಬ ಒಂಟಿಯಾಗಿ ನಿಲ್ಲುತ್ತಾನೆ. 13ಕ್ಕೆ ಈ ಜೋಡಿಗಳನ್ನು ಹುಡುಕುವುದು ನಿಮಗೆ ಒಂದು ಸಂಜೆಯ ಕೆಲಸ. 2ರ ಜೊತೆಗಾರ 7 ಎಂದಷ್ಟು ಹೇಳಿ ಬಿಡುತ್ತೇನೆ.

ಈ ನಿಯಮ ಇಂದು ವಿಲ್ಸನ್ ಪ್ರಮೇಯ ಎಂಬ ಹೆಸರಿನಲ್ಲಿ ಪದವಿ ತರಗತಿಯ ಪುಸ್ತಕಗಳಲ್ಲಿದೆ. ಕೇಂಬ್ರಿಡ್ಜಿನ ವಾರಿಂಗ್ ಎಂಬ ಪ್ರಾಧ್ಯಾಪಕರು 1770ರಲ್ಲಿ ತಮ್ಮ ಗ್ರಂಥದಲ್ಲಿ ಇದನ್ನು ತಮ್ಮ ಶಿಷ್ಯ ಜಾನ್ ವಿಲ್ಸನ್ ಅವರ ಹೆಸರಿನಲ್ಲಿ ಪ್ರಕಟಿಸಿದರು. ಇಬ್ಬರ ಬಳಿಯೂ ಸಾಧನೆ ಇರಲಿಲ್ಲ. ವಿಲ್ಸನ್ ಆಮೇಲೆ ಗಣಿತ ಬಿಟ್ಟು ನ್ಯಾಯಾಧೀಶರಾದರು. 1771ರಲ್ಲಿ ಲಗ್ರಾಂಜ್ ಅದನ್ನು ಸಾಧಿಸಿದರು. ಇಬ್ನುಲ್ ಹೈಸಮ್ ಅವರು ಇದನ್ನು ಬಳಸಿದ್ದು ಅದಕ್ಕೆ ಏಳು ಶತಮಾನಗಳಿಗೂ ಹಿಂದೆ. ಆದರೂ ನಾವು ಅಭಿಮಾನದಿಂದ ಅಳತೆ ಮೀರಿ ಹೇಳಬಾರದು. ಅವರು ನಿಯಮವನ್ನು ಹೇಳಿದರು, ಉದಾಹರಣೆಗೆ ಹಚ್ಚಿ ತೋರಿಸಿದರು. ಎಲ್ಲ ಅವಿಭಾಜ್ಯಗಳಿಗೂ ಅದು ನಿಜವೆಂಬ ಸಾಧನೆ ಆ ಪ್ರಬಂಧದಲ್ಲಿಲ್ಲ. ಇನ್ನೊಂದು ಮಾತು: ಅವಿಭಾಜ್ಯವನ್ನು ಪತ್ತೆ ಮಾಡಲು ಇದು ಸುಲಭದ ಸಾಧನವೂ ಅಲ್ಲ. 101 ಅವಿಭಾಜ್ಯವೇ ಎಂದು ತಿಳಿಯಲು ನೂರರವರೆಗೆ ಗುಣಿಸಿದರೆ ಬರುವ ಸಂಖ್ಯೆಯಲ್ಲಿ 158 ಅಂಕಿಗಳಿರುತ್ತವೆ! ಅದರ ಬೆಲೆ ಇರುವುದು ಬೇರೆಡೆ. 9ರ ತಾಳೆಯಂತೆ ಇರಬಹುದು ಎಂದು ಹೇಳಿ ನಿಲ್ಲುವ ಪರೀಕ್ಷೆ ಇದಲ್ಲ. ಹೌದು ಅಥವಾ ಅಲ್ಲ ಎಂದು ಖಂಡಿತವಾಗಿ ಹೇಳುವಂಥದ್ದು.

301ರ ಪ್ರಶ್ನೆಯೂ ಊರೂರು ಸುತ್ತಿತು. ಅಲ್ಜೀರಿಯಾದ ಬಿಜಾಯಾ ಬಂದರಿನಲ್ಲಿ ಬಾಲ್ಯದಲ್ಲಿ ಭಾರತೀಯ ಅಂಕಿಗಳನ್ನು ಕಲಿತ ಇಟಲಿಯ ಫಿಬೊನಾಚಿ 1202ರ ತನ್ನ ಪುಸ್ತಕದಲ್ಲಿ ಇದೇ ಲೆಕ್ಕವನ್ನು ಸೇರಿಸಿದ. ಅಲ್ಲದೆ 2ರಿಂದ 10ರವರೆಗೆ ಯಾವುದರಿಂದ ಭಾಗಿಸಿದರೂ 1 ಉಳಿದು 11ರಿಂದ ಮಾತ್ರ ಪೂರ್ತಿ ಭಾಗವಾಗುವ ಸಂಖ್ಯೆಯನ್ನೂ ಕೊಟ್ಟ: 25201.

ಪರಿಪೂರ್ಣ ಸಂಖ್ಯೆಗಳಲ್ಲೂ ಇಬ್ನುಲ್ ಹೈಸಮ್ ಕೈಯಾಡಿಸಿದ್ದರು. ತನ್ನನ್ನು ಬಿಟ್ಟು ತನ್ನ ಉಳಿದ ಅಪವರ್ತನಗಳ ಮೊತ್ತಕ್ಕೆ ತಾನೇ ಸಮನಾದ ಸಂಖ್ಯೆ ಪರಿಪೂರ್ಣ. 6ರ ಅಪವರ್ತನಗಳು 1, 2, 3, ಕೂಡಿದರೆ 6. 28ಕ್ಕೆ 1, 2, 4, 7, 14; ಕೂಡಿದರೆ 28. ಇವನ್ನು ರಚಿಸುವ ವಿಧಾನವನ್ನು ಯೂಕ್ಲಿಡ್ ಕೊಟ್ಟಿದ್ದ. ಆ ವಿಧಾನದಿಂದ ಪರಿಪೂರ್ಣ ಸಂಖ್ಯೆ ಸಿಗುತ್ತದೆ, ಸರಿ. ಆದರೆ ಪ್ರತಿಯೊಂದು ಸಮ ಪರಿಪೂರ್ಣ ಸಂಖ್ಯೆಯೂ ಅದೇ ವಿಧಾನದಿಂದ ಸಿಗಲೇಬೇಕೇ? ಇದು ತಿರುಗುಮುರುಗಾದ ಪ್ರಶ್ನೆ, ಹೆಚ್ಚು ಕಷ್ಟದ್ದು. ಇಬ್ನುಲ್ ಹೈಸಮ್ ಅದನ್ನು ಸಾಧಿಸಲು ಹೊರಟರು, ಪೂರ್ತಿಯಾಗಲಿಲ್ಲ. 18ನೇ ಶತಮಾನದಲ್ಲಿ ಆಯ್ಲರ್ ಪೂರ್ತಿಗೊಳಿಸಿದರು. ಸಾಧನೆ ಸಿಗದಿದ್ದರೂ ಪ್ರಶ್ನೆಯನ್ನು ಆ ರೂಪದಲ್ಲಿ ಕೇಳಿದ್ದೇ ದೊಡ್ಡದೆಂದು ನನ್ನ ಎಣಿಕೆ.

ಬಂಧನ ಮುಗಿದ ಮೇಲೆ ಅವರ ಆಸ್ತಿ ಅವರಿಗೆ ಮರಳಿ ಸಿಕ್ಕಿತು. ಆದರೆ ಅವರು ಮತ್ತೆ ಹುದ್ದೆಯನ್ನಾಗಲಿ ದರ್ಬಾರನ್ನಾಗಲಿ ಬಯಸಲಿಲ್ಲ. ಕೈರೋದ ಅಲ್-ಅಝ್ಹರ್ ಮಸೀದಿಯ ಬಾಗಿಲ ಬಳಿಯ ಗುಮ್ಮಟದ ಕೋಣೆಯೊಂದರಲ್ಲಿ ನೆಲೆಸಿದರು. ಬರೆಯುವುದು, ಕಲಿಸುವುದು, ಮತ್ತು ಜೀವನಕ್ಕಾಗಿ ಪ್ರತಿ ತೆಗೆಯುವುದು ಇಷ್ಟೇ ದಿನಚರಿ. ಪ್ರತಿ ವರ್ಷ ಯೂಕ್ಲಿಡ್‌ನ ಗ್ರಂಥ, ಟಾಲೆಮಿಯ ಅಲ್-ಮಜಿಸ್ತಿ ಮತ್ತು ಇವೆರಡರ ನಡುವೆ ಓದಬೇಕಾದ ಗಣಿತ ಕೃತಿಗಳನ್ನು ಕೈಯಿಂದ ಬರೆದು ಮುಗಿಸುತ್ತಿದ್ದರು. ಅದಕ್ಕೆ 150 ಈಜಿಪ್ಟ್ ದಿನಾರ್‌ಗಳು ನಿಗದಿಯಾದ ಬೆಲೆ, ಚೌಕಾಸಿಯಿಲ್ಲ. ವರ್ಷದ ಖರ್ಚು ಅದರಲ್ಲೇ ನಡೆಯಬೇಕು. ಅಕ್ಷರ ಬಲು ಚೆನ್ನಾಗಿತ್ತಂತೆ.

ಅವರು ತೀರಿಕೊಂಡದ್ದು ಕೈರೋದಲ್ಲೇ, ಹಿಜರಿ 430ರ ಸುಮಾರಿಗೆ ಅಥವಾ ಸ್ವಲ್ಪ ಆಮೇಲೆ ಎನ್ನುತ್ತಾರೆ ಅಲ್-ಕಿಫ್ತಿ. ಸ್ವಲ್ಪ ಆಮೇಲೆಯೇ ಇರಬೇಕು. ಏಕೆಂದರೆ ಇಬ್ನುಲ್ ಹೈಸಮ್ ಸ್ವಹಸ್ತದಲ್ಲಿ ಬರೆದ ರೇಖಾಗಣಿತದ ಪ್ರತಿಯೊಂದನ್ನು ತಾವು ಕಂಡಿದ್ದಾಗಿಯೂ ಅದರ ಮೇಲೆ ಹಿಜರಿ 432 ಎಂದು ಬರೆದಿತ್ತೆಂದೂ ಅವರೇ ತಿಳಿಸಿದ್ದಾರೆ. ಅದು ಕ್ರಿ.ಶ. 1040-41. ಆಗ ಇಬ್ನುಲ್ ಹೈಸಮ್ ಅವರಿಗೆ ಎಪ್ಪತ್ತೈದು ದಾಟಿತ್ತು.